ಎಡಗೈ ಏನು ಮಾಡುತ್ತಿತ್ತು?

ಹೊರಡುವ ಮೊದಲು

ಜಪಾನಿಗೆ ಹೋಗಿ ಬಂದವರು ಹಿಮ ಹೊದ್ದ ಬೆಟ್ಟದ ಬಗ್ಗೆ, ಹೂ ಬಿಟ್ಟ ಚೆರ್ರಿ ಮರದ ಬಗ್ಗೆ ಬರೆಯುತ್ತಾರೆ. ನನ್ನ ಹಣೆಯಲ್ಲಿ ಅದು ಬರೆದಿರಲಿಲ್ಲ. ನಾನು ಬರೆಯಬೇಕಾಗಿರುವುದು ಒಂದು ಜೊತೆ ಪಾಯಿಖಾನೆ ಚಪ್ಪಲಿ, ಒಂದು ಬಿದಿರಿನ ಸ್ಟ್ಯಾಂಡು ಮತ್ತು ನಾಲ್ಕು ಖಾಲಿ ಹಾಳೆಗಳ ಬಗ್ಗೆ. ಹೂವಿನ ಆಸೆಯಿಂದ ಓದಲು ಕುಳಿತವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ, ಕಬ್ಬಿನ ಗದ್ದೆಗಳ ಮಧ್ಯೆ, ನಮ್ಮ ಕಾರ್ಖಾನೆ ಇತ್ತು. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ತಗಡಿನ ಡಬ್ಬಿ ಮಾಡುತ್ತಿದ್ದೆವು. ನಾನು ಅಲ್ಲಿ ಕ್ವಾಲಿಟಿ ಇಂಜಿನಿಯರು. ತಪ್ಪು ಮಾಡಬೇಕೆಂದರೂ ಮಾಡಲಾಗದ ಹಾಗೆ ವಸ್ತುವನ್ನೂ ಯಂತ್ರವನ್ನೂ ರೂಪಿಸುವುದು ನನ್ನ ಕಸುಬು. ಮೂರು ಪಿನ್ನಿನ ಪ್ಲಗ್ಗನ್ನು ತಲೆಕೆಳಗಾಗಿ ಚುಚ್ಚಲು ಆಗುವುದಿಲ್ಲವಲ್ಲ, ಅದೇ ಈ ವಿದ್ಯೆಯ ಅ ಆ ಇ ಈ. ನಮ್ಮ ಕಡೆ ಪ್ಲಗ್ಗನ್ನೇ ಕಿತ್ತುಹಾಕಿ, ವೈರು ಸುಲಿದು, ಎರಡು ಬೆಂಕಿಕಡ್ಡಿ ಸಿಕ್ಕಿಸಿ ರೇಡಿಯೋ ಹಾಡಿಸುತ್ತಾರೆ. ಇಂಥ ಜನರ ನಡುವೆ ಈ ಕಸುಬು ಹಿಡಿದ ನನ್ನ ಧೈರ್ಯವನ್ನು ಯಾರೂ ಮೆಚ್ಚಿದ್ದಿಲ್ಲ.

ಆ ವರ್ಷ ನಮ್ಮ ಮ್ಯಾನೇಜರಿಗೆ ಸರ್ಟಿಫಿಕೇಟಿನ ಹುಚ್ಚು ಹಿಡಿದಿತ್ತು. ಹೊರದೇಶದವರು ಒಪ್ಪುವ ಗುಣಮಟ್ಟದ ಸರ್ಟಿಫಿಕೇಟು ಗೋಡೆಗೆ ಬರಬೇಕು, ಆಡಿಟರ್ ಬಂದಾಗ ಕಾರ್ಖಾನೆ ಮದುಮಗನ ಹಾಗೆ ಕಾಣಬೇಕು. ನಾವು ನೆಲಕ್ಕೆ ಹಳದಿ ಗೆರೆ ಎಳೆದೆವು. ಕಸದ ಬುಟ್ಟಿಗೂ ನಂಬರು ಕೊಟ್ಟೆವು. ಅದರ ಮಧ್ಯೆಯೇ ನಿಂಗೇಗೌಡರ ಬೆರಳು ಹೋಯಿತು.

ನಿಂಗೇಗೌಡರು ನಾಗಮಂಗಲ ತಾಲ್ಲೂಕಿನ ದೇವಲಾಪುರದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ತಗಡು ಕತ್ತರಿಸುವ ಪ್ರೆಸ್ಸು ಅವರ ಕೈಯಲ್ಲಿ ಎತ್ತಿನ ಹಾಗೆ ಮಾತು ಕೇಳುತ್ತಿತ್ತು. ಆ ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದಾಗ ಬೆರಳು ಅಚ್ಚಿನಡಿ ಹೋಗುವುದು ಹೇಗೆ? ಸಾಧ್ಯವೇ ಇಲ್ಲ. ನಿಂಗೇಗೌಡರು ಎಡಗಡೆಯ ಗುಂಡಿಯನ್ನು ಒತ್ತಿಹಿಡಿದು ಗೋಣಿದಾರದಿಂದ ಬಿಗಿಯಾಗಿ ಕಟ್ಟಿಬಿಟ್ಟಿದ್ದರು. ಬಲಗೈ ಒಂದೇ ಸಾಕಾಯಿತು. ಎಡಗೈಯ ನಡುಬೆರಳಿನ ತುದಿ ಉಗುರಿನ ಸಮೇತ ಜಜ್ಜಿಹೋಯಿತು.

ನಾನು ವರದಿ ಬರೆದೆ. 'ಕಾರಣ: ಕೆಲಸಗಾರನ ಅಜಾಗರೂಕತೆ ಮತ್ತು ಬೇಕೆಂದೇ ಮಾಡಿದ ನಿಯಮಭಂಗ.' ಗೋಣಿದಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ, ವರದಿಗೆ ಲಗತ್ತಿಸಿದೆ. ಚೀಲ ಬಹಳ ಅಚ್ಚುಕಟ್ಟಾಗಿತ್ತು. ನಿಂಗೇಗೌಡರು ಸಸ್ಪೆಂಡ್ ಆದರು. ವಿಚಾರಣೆಗೆ ದಿನ ಗೊತ್ತಾಯಿತು. ನನ್ನ ವರದಿ ಒಂದರ ಮೇಲೆ ಅವರ ಹತ್ತೊಂಬತ್ತು ವರ್ಷದ ಕೆಲಸ ನಿಂತಿತ್ತು. ಅದೇ ವಾರ ನನ್ನನ್ನು ಹತ್ತು ದಿನದ ತರಬೇತಿಗೆ ಜಪಾನಿಗೆ ಕಳಿಸಲು ತೀರ್ಮಾನವಾಯಿತು. ಯಾರೂ ಕಟ್ಟಲಾಗದಂಥ ಗುಂಡಿ ಹೇಗಿರುತ್ತದೆಂದು ಕಲಿತು ಬರಬೇಕು.

ನಮ್ಮೂರು ಅಕ್ಕಿಹೆಬ್ಬಾಳಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಹುರಿಹಿಟ್ಟಿನ ಡಬ್ಬಿ ಕಟ್ಟುತ್ತ, "ಅಲ್ಲ ಕಣ್ಲಾ ಮಗ, ತಪ್ಪು ಮಾಡ್ದಂಗೆ ಇರಾದು ಕಲಿಯಕ್ಕೆ ಅಷ್ಟು ದೂರ ಓಗ್ಬೇಕಾ? ಚಿಕ್ಕೋನಿದ್ದಾಗ ನಾನು ಕೊಟ್ಟ ಏಟು ಸಾಲ್ದಾ?" ಎಂದಳು.

ಮೊದಲ ದಿನ: ಚಪ್ಪಲಿ

ನಾನು ಹೋದದ್ದು ನಗೋಯಾ ಹತ್ತಿರದ ಒಂದು ಚಿಕ್ಕ ಊರಿಗೆ. ಕಾರ್ಖಾನೆಯ ಬಾಗಿಲಲ್ಲೇ ಶೂ ಬಿಡಿಸಿ ಒಳಗಿನ ಚಪ್ಪಲಿ ಕೊಟ್ಟರು. ಅದು ಸರಿ, ನಮ್ಮಲ್ಲೂ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಬಂದರೆ ಅವ್ವ ಸುಮ್ಮನಿರುವುದಿಲ್ಲ. ಆದರೆ ಈ ಜನ ಅಷ್ಟಕ್ಕೇ ನಿಲ್ಲುವವರಲ್ಲ. ಪಾಯಿಖಾನೆಗೆ ಹೋಗುವಾಗ ಒಳಗಿನ ಚಪ್ಪಲಿಯನ್ನು ಹೊರಗೆ ಬಿಟ್ಟು, ಅಲ್ಲಿಯೇ ಇರುವ ಇನ್ನೊಂದು ಜೊತೆ ಮೆಟ್ಟಬೇಕು. ಬರುವಾಗ ಅದನ್ನು ಅಲ್ಲೇ ಬಿಟ್ಟು ಮೊದಲಿನದನ್ನು ಮೆಟ್ಟಬೇಕು.

ನನಗೆ ಗುರುವಾಗಬೇಕಿದ್ದವರು ಕಿಟಮುರ ಎಂಬ ಅರವತ್ತರ ಹತ್ತಿರದ ಇಂಜಿನಿಯರು. ತೆಳ್ಳಗೆ, ನಗು ಕಡಿಮೆ. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಮಿಚಿಕೊ ಎಂಬ ಹೆಣ್ಣುಮಗಳಿದ್ದಳು. ಮೊದಲ ಸಭೆ. ಹನ್ನೊಂದು ಜನ ಎದ್ದು ನಿಂತು ಬಾಗಿ ವಂದಿಸಿದರು. ನಾನೂ ಬಾಗಿದೆ. ಬಾಗಿದಾಗ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. ಕೆಂಪು ಪ್ಲಾಸ್ಟಿಕ್ಕಿನ ಪಾಯಿಖಾನೆ ಚಪ್ಪಲಿ! ಬಾಗಿದ ಹನ್ನೊಂದು ಜನರೂ ಅದನ್ನೇ ನೋಡುತ್ತಿದ್ದರು. ಅಯ್ಯೋ, ನೆಲ ಬಿರಿಯಬಾರದೇ ಅನ್ನಿಸಿತು.

"ಕ್ಷಮಿಸಿ, ನನ್ನ ಅಜಾಗರೂಕತೆ," ಎಂದೆ.

ಯಾರೂ ನಗಲಿಲ್ಲ. ಕಿಟಮುರ ಒಂದು ನೋಟ್‌ಬುಕ್ ತೆಗೆದರು. "ಅಜಾಗರೂಕತೆ ಅಂತ ಬರೆದುಕೊಂಡರೆ ನಾವು ಮಾಡುವುದು ಏನೂ ಇರುವುದಿಲ್ಲ. ಯಾಕೆ ಬದಲಾಯಿಸಲಿಲ್ಲ?" ಎಂದು ಕೇಳಿದರು. ರೇಗಿಸುತ್ತಿದ್ದಾರೆ ಅಂದುಕೊಂಡೆ. ಇಲ್ಲ, ಮನುಷ್ಯ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಯೋಚಿಸಿ ಹೇಳಿದೆ, "ಬಾಗಿಲು ತೆರೆದಾಗ ನನ್ನ ಚಪ್ಪಲಿ ಬಾಗಿಲ ಹಿಂದೆ ಮರೆಯಾಗಿತ್ತು. ಕಣ್ಣಿಗೆ ಬೀಳಲಿಲ್ಲ."

ಮರುದಿನ ಹೋಗಿ ನೋಡಿದರೆ ಚಪ್ಪಲಿ ಬಿಡುವ ಜಾಗ ಬಾಗಿಲಿನ ಎದುರುಗಡೆಗೆ ಬಂದಿತ್ತು. ಎಡವದೆ ದಾಟುವಂತಿರಲಿಲ್ಲ. ಭಾರತದಿಂದ ಬಂದು ನಾನು ಅವರ ಕಾರ್ಖಾನೆಗೆ ಕೊಟ್ಟ ಮೊದಲ ತಾಂತ್ರಿಕ ಕೊಡುಗೆ ಇದು.

ಎರಡನೆಯ ದಿನ: ರೈಲಿನ ಚಾಲಕ

ಹೋಟೆಲಿನಿಂದ ಕಾರ್ಖಾನೆಗೆ ದಿನವೂ ಲೋಕಲ್ ರೈಲು. ಮೊದಲ ಬೋಗಿಯಲ್ಲಿ ನಿಂತರೆ ಗಾಜಿನಾಚೆ ಚಾಲಕ ಕಾಣುತ್ತಾನೆ. ಬಿಳಿ ಕೈಗವಸು ತೊಟ್ಟ ಆ ಮನುಷ್ಯ ಪ್ರತಿ ಸಿಗ್ನಲ್ಲಿಗೂ ಬೆರಳು ತೋರಿಸಿ ಗಟ್ಟಿಯಾಗಿ ಏನೋ ಹೇಳಿಕೊಳ್ಳುತ್ತಿದ್ದ. ಪಾಪ, ತಲೆ ಕೆಟ್ಟಿರಬೇಕು ಅಂದುಕೊಂಡು ಮಿಚಿಕೊಳನ್ನು ಕೇಳಿದೆ. "ಹಸಿರು ಇದೆ, ಹೋಗಬಹುದು ಅಂತ ತನಗೇ ಹೇಳಿಕೊಳ್ಳುತ್ತಿದ್ದಾರೆ. ಎಲ್ಲ ಚಾಲಕರೂ ಹಾಗೆಯೇ. ಕೈಯಲ್ಲಿ ತೋರಿಸಿ ಬಾಯಲ್ಲಿ ಹೇಳಿದ್ದು ತಪ್ಪುವುದಿಲ್ಲ," ಎಂದಳು.

ನನಗೆ ನಮ್ಮ ಸೋದರತ್ತೆ ನೆನಪಾದಳು. ಕೆ.ಆರ್. ಪೇಟೆ ಸಂತೆಗೆ ಹೊರಡುವಾಗ ಅಂಗಳದಲ್ಲಿ ನಿಂತು ಒಂದೊಂದಕ್ಕೂ ಕೈ ತೋರಿಸಿ, "ಬೀಗ ಆಕಿವ್ನಿ, ಒಲೆ ಆರ್ಸಿವ್ನಿ, ಎಮ್ಮೆ ಕಟ್ಟಿವ್ನಿ," ಎಂದು ಕೂಗುತ್ತಿದ್ದಳು. ಮಕ್ಕಳೆಲ್ಲ ಅಣಕಿಸಿ ನಗುತ್ತಿದ್ದೆವು. ಇದೇ ದೇಶದಲ್ಲಿ ಹುಟ್ಟಿದ್ದರೆ ಅತ್ತೆ ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿರುತ್ತಿದ್ದಳು. ನಮ್ಮಲ್ಲಿ ಹುಟ್ಟಿ ಅರೆಹುಚ್ಚಿ ಅನ್ನಿಸಿಕೊಂಡಳು.

ನಾಲ್ಕನೆಯ ದಿನ: ಪ್ರೆಸ್ ಶಾಪು

ಅಂದು ನಾನು ನಮ್ಮ ಕಾರ್ಖಾನೆಯ ಒಂದು ತಪ್ಪನ್ನು ಅವರ ಮುಂದೆ ವಿವರಿಸಬೇಕಿತ್ತು. ನನಗೆ ಖುಷಿಯೋ ಖುಷಿ. ನಿಂಗೇಗೌಡರ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಗೋಣಿದಾರದ ಫೋಟೋ ತೋರಿಸಿದೆ. ಮಾತು ಮುಗಿಸುತ್ತ, "ನಮ್ಮ ಜನವೇ ಹೀಗೆ, ಏನು ಮಾಡಿದರೂ ಕೆಡಿಸುತ್ತಾರೆ. ಆದ್ದರಿಂದ ಕಟ್ಟಲಾಗದ ಗುಂಡಿ ಬೇಕು," ಎಂದೆ.

"ಕಟ್ಟಲಾಗದ ಗುಂಡಿ ನಮ್ಮಲ್ಲಿದೆ. ಪ್ರತಿ ಸಲವೂ ಒತ್ತಿ ಬಿಟ್ಟು ಮತ್ತೆ ಒತ್ತದಿದ್ದರೆ ಯಂತ್ರ ಓಡುವುದಿಲ್ಲ. ನಕ್ಷೆ ಕೊಡುತ್ತೇನೆ," ಎಂದರು ಕಿಟಮುರ. ಆಮೇಲೆ ನೋಟ್‌ಬುಕ್ ತೆರೆದರು. "ಅವರ ಎಡಗೈ ಏನು ಮಾಡುತ್ತಿತ್ತು?"

"ಅಚ್ಚಿನ ಹತ್ತಿರ ಇತ್ತು."

"ಅಲ್ಲಿ ಏನು ಮಾಡುತ್ತಿತ್ತು?"

ಎಡಗೈ ಅಲ್ಲಿ ಯಾಕಿತ್ತು ಎಂದು ನಾನು ಕೇಳಿಯೇ ಇರಲಿಲ್ಲ. ಹದಿನಾಲ್ಕು ಪುಟದ ವರದಿ ಬರೆದಿದ್ದೆ. ದಾರದ ದಪ್ಪವನ್ನು ಅಳೆದಿದ್ದೆ. ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಮನುಷ್ಯನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು, ಊಟ ಆಯಿತಾ ಎಂದು ವಿಚಾರಿಸಿ ಎದ್ದು ಬಂದಿದ್ದೆ. ಇದನ್ನೊಂದು ಕೇಳಿರಲಿಲ್ಲ.

ಕಿಟಮುರ ನನ್ನನ್ನು ಪ್ರೆಸ್ ಶಾಪಿಗೆ ಕರೆದೊಯ್ದರು. ಲಕಲಕ ಹೊಳೆಯುವ ಯಂತ್ರಗಳ ಸಾಲು. ಅದರ ಮಧ್ಯೆ, ಒಂದು ಪ್ರೆಸ್ಸಿನ ಪಕ್ಕದಲ್ಲಿ, ಬಿದಿರಿನ ಒಂದು ಸ್ಟ್ಯಾಂಡು. ಉದ್ದನೆಯ ತಗಡಿನ ತುದಿ ಜೋಲಾಡದಂತೆ ಅದರ ಮೇಲೆ ಒರಗಿತ್ತು. ಸ್ಟ್ಯಾಂಡಿಗೆ ಒಂದು ಹಿತ್ತಾಳೆ ಪಟ್ಟಿ ಹೊಡೆದಿದ್ದರು. ಮಿಚಿಕೊ ಓದಿ ಹೇಳಿದಳು: "ಯಮನೆಯವರು ಮಾಡಿದ್ದು."

ಯಮನೆ ಅಲ್ಲಿ ಪ್ರೆಸ್ ಓಡಿಸುತ್ತಿದ್ದ ಕೆಲಸಗಾರ, ನಿವೃತ್ತನಾಗಿ ಎಷ್ಟೋ ವರ್ಷವಾಗಿದೆ. ಬಿದಿರು ಹಳತಾದಾಗ ಹೊಸದು ಹಾಕುತ್ತಾರೆ, ಪಟ್ಟಿ ಮಾತ್ರ ಅದೇ. ಕಿಟಮುರ ಹೇಳಿದರು, "ಇವರೂ ಗುಂಡಿ ಕಟ್ಟಿದ್ದರು. ಯಾಕೆಂದು ಕೇಳಿದೆವು. ತಗಡು ಜೋಲುತ್ತದೆ, ಒಂದು ಕೈಯಲ್ಲಿ ಹಿಡಿಯಲೇಬೇಕು ಎಂದರು. ಇದನ್ನು ಅವರೇ ಮಾಡಿದರು. ಆಮೇಲೆ ಯಾರೂ ಕಟ್ಟಲಿಲ್ಲ."

ಇಂಥದ್ದೊಂದನ್ನು ನಾನು ನೋಡಿದ್ದೆ. ನಿಂಗೇಗೌಡರ ಪ್ರೆಸ್ಸಿನ ಪಕ್ಕದಲ್ಲೂ ಅವರೇ ಮಾಡಿಕೊಂಡಿದ್ದ ಜಾಲಿಮರದ ನಾಲ್ಕು ಕಾಲಿನ ಸ್ಟ್ಯಾಂಡೊಂದು ವರ್ಷಗಟ್ಟಲೆ ಇತ್ತು. ಆಡಿಟರ್ ಬರುವ ಹದಿನೈದು ದಿನ ಮೊದಲು, ಕೈಯಲ್ಲಿ ಸಾಮಾನುಗಳ ಪಟ್ಟಿ ಹಿಡಿದು ನಾನೇ ಅದರ ಮುಂದೆ ನಿಂತಿದ್ದೆ. "ಇದು ಯಾವ ಡ್ರಾಯಿಂಗಿನಲ್ಲಿದೆ? ಇದಕ್ಕೆ ನಂಬರ್ ಎಲ್ಲಿ? ತೆಗೆಸಿ," ಎಂದಿದ್ದೆ. ನಿಂಗೇಗೌಡರು ತಲೆ ಕೆರೆದುಕೊಂಡು, "ಇದ್ರೆ ಇರ್ಲಿ ಬುಡಿ ಸಾ, ಅದ್ರ ಪಾಡ್ಗೆ ಅದದೆ," ಎಂದಿದ್ದರು. ನಾನು ಕೇಳಲಿಲ್ಲ. ಸ್ಟ್ಯಾಂಡು ಹೋಯಿತು, ಎಡಗೈ ಅದರ ಜಾಗಕ್ಕೆ ಬಂತು, ಎಡಗೈ ಒತ್ತಬೇಕಿದ್ದ ಗುಂಡಿಗೆ ಗೋಣಿದಾರ ಬಂತು. ಆ ಬೆರಳು ಜಜ್ಜಿದ್ದು ಪ್ರೆಸ್ಸಲ್ಲ, ನಾನು. ಬಿದಿರಿನ ಮುಂದೆ ನಿಂತು ನನಗೆ ಅಳು ಬಂತು. ಮಿಚಿಕೊ ನನಗೆ ಊರು ನೆನಪಾಗಿದೆ ಅಂದುಕೊಂಡು ಟೀ ತಂದುಕೊಟ್ಟಳು.

ಐದನೆಯ ದಿನ: ಫ್ಯಾಕ್ಸು

ವಿಚಾರಣೆ ಇದ್ದದ್ದು ನಾನು ವಾಪಸಾಗುವ ಹಿಂದಿನ ದಿನ. ಬೆಳಿಗ್ಗೆ ಎದ್ದವನೇ ನಾಲ್ಕು ಪುಟ ಬರೆದೆ. ಹಳೆಯ ವರದಿ ತಪ್ಪು, ಸ್ಟ್ಯಾಂಡು ತೆಗೆಸಿದ್ದು ನಾನು, ನಿಂಗೇಗೌಡರನ್ನು ಬಿಡಿ, ನನ್ನನ್ನು ಕೇಳಿ. ಜೀವನದಲ್ಲಿ ಅಷ್ಟು ನೆಟ್ಟಗೆ ನಾನೇನನ್ನೂ ಬರೆದವನಲ್ಲ.

ಹೋಟೆಲಿನ ಕೌಂಟರಿನಲ್ಲಿ ಫ್ಯಾಕ್ಸ್ ಯಂತ್ರವಿತ್ತು. ಅಲ್ಲಿದ್ದ ಹುಡುಗಿ ಸಹಾಯಕ್ಕೆ ಬಂದಳು. ಇಂಥ ಕಾಗದವನ್ನು ಇನ್ನೊಬ್ಬರ ಕೈಗೆ ಕೊಡಲು ನಾಚಿಕೆಯಾಗಿ, ಬೇಡ ಬೇಡ ಎಂದು ನಾನೇ ನಿಂತೆ. ಕಂಕುಳಲ್ಲಿದ್ದ ಫೈಲನ್ನು ಯಂತ್ರದ ಮೇಲೆ ಇಟ್ಟು, ಹಾಳೆಗಳನ್ನು ಒಂದೊಂದಾಗಿ ಕೊಟ್ಟೆ. ಯಂತ್ರ ಕುಯ್ ಎಂದು ನುಂಗಿತು. ಕೊನೆಗೆ ಒಂದು ಚೀಟಿ ಕಕ್ಕಿತು: ನಾಲ್ಕು ಪುಟ, ಓಕೆ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಅಂದು ಹುರಿಹಿಟ್ಟಿನ ಜೊತೆ ಹಸಿ ಮೀನನ್ನೂ ತಿಂದೆ.

ಉಳಿದ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಗುಂಡಿಯ ನಕ್ಷೆ ಕೊಟ್ಟರು, ಫೋಟೋ ತೆಗೆದರು. ಹೊರಡುವ ಬೆಳಿಗ್ಗೆ ಬೀಗದ ಕೈ ಕೊಡಲು ಕೌಂಟರಿಗೆ ಹೋದಾಗ ಒಬ್ಬ ಮುದುಕ ಫ್ಯಾಕ್ಸ್ ಕಳಿಸುತ್ತಿದ್ದ. ಯಂತ್ರದ ನೆತ್ತಿಯ ಮೇಲೆ ದೊಡ್ಡದೊಂದು ಚಿತ್ರ ಅಂಟಿಸಿತ್ತು: ಬರಹ ಇರುವ ಬದಿ ಕೆಳಗೆ. ನಾನು ಫೈಲು ಇಟ್ಟು ಮುಚ್ಚಿದ್ದು ಅದನ್ನೇ. ನಮ್ಮ ಆಫೀಸಿನ ಯಂತ್ರಕ್ಕೆ ಬರಹ ಮೇಲಿರಬೇಕು. ಅಭ್ಯಾಸದ ಕೈ, ಹಾಗೆಯೇ ಹಾಕಿತ್ತು.

ತಪ್ಪು ತಡೆಯುವ ವಿದ್ಯೆ ಕಲಿಯಲು ಸಮುದ್ರ ದಾಟಿ ಬಂದವನು, ತಪ್ಪೊಪ್ಪಿಗೆಯನ್ನೇ ಅಂಗಾತ ಹಾಕಿ ನಾಲ್ಕು ಖಾಲಿ ಹಾಳೆ ಕಳಿಸಿದ್ದೆ. ವಿಚಾರಣೆ ಹಿಂದಿನ ದಿನವೇ ಮುಗಿದಿರಬೇಕು. ವಿಮಾನದಲ್ಲಿ ಜೇಬಿನ ಚೀಟಿಯನ್ನು ಮತ್ತೆ ಮತ್ತೆ ತೆಗೆದು ಓದಿದೆ: ನಾಲ್ಕು ಪುಟ, ಓಕೆ.

ವಾಪಸು

ಮನೆಗೂ ಹೋಗದೆ, ಪೆಟ್ಟಿಗೆ ಹಿಡಿದು ನೇರ ಮ್ಯಾನೇಜರ ಕೋಣೆಗೆ ನುಗ್ಗಿದೆ. "ನಿಂಗೇಗೌಡರದ್ದು ಏನಾಯಿತು ಸಾರ್?"

"ಎಲ್ಲಿ ಆಗುತ್ತೆ ರೀ ಬೋರೇಗೌಡ್ರೇ!" ಎಂದರು ಮ್ಯಾನೇಜರು. ಫೈಲು ತೆರೆದರು. ನನ್ನ ನಾಲ್ಕು ಖಾಲಿ ಹಾಳೆಗಳಿಗೆ ಸೀಲು ಬಿದ್ದಿತ್ತು, ನಂಬರು ಬಿದ್ದಿತ್ತು. "ಜಪಾನಿನಿಂದ ನೀವು ಹೊಸ ಫಾರಂ ಕಳಿಸಿದ್ದೀರಿ. ಅದನ್ನ ತುಂಬದೆ ವಿಚಾರಣೆ ನಡೆಸಿದ್ರೆ ನಾಳೆ ಆಡಿಟರ್ ಕೇಳಲ್ವಾ? ಹೇಗೆ ತುಂಬಬೇಕು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಮುಂದಕ್ಕೆ ಹಾಕಿದ್ದೀವಿ."

ನಾನು ಬರೆದಿದ್ದೆಲ್ಲ ಇಲ್ಲಿಗೆ ತಲುಪಿದ್ದರೆ ಆ ಹಾಳೆಗಳನ್ನು ಯಾರಾದರೂ ಓದುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಖಾಲಿ ಇದ್ದದ್ದರಿಂದ ಎಲ್ಲರೂ ಹೆದರಿದ್ದರು.

ಆದರೆ ಈಗ ಕಾಗದದ ಮರೆ ಇಲ್ಲ. ಎರಡು ದಿನದ ಮೇಲೆ, ವಿಚಾರಣೆಯ ಕೋಣೆಯಲ್ಲಿ, ನಿಂಗೇಗೌಡರ ಮುಖ ನೋಡಿಕೊಂಡೇ ಹೇಳಬೇಕಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಎಡಗೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕುಳಿತಿದ್ದರು. ನಾನು ಕೇಳಿದೆ, "ನಿಂಗೇಗೌಡ್ರೇ, ಅವತ್ತು ನಿಮ್ಮ ಎಡಗೈ ಏನು ಮಾಡ್ತಿತ್ತು?"

ಅವರು ನನ್ನನ್ನೇ ನೋಡಿದರು. "ತಗಡು ಇಡ್ಕಂಡಿತ್ತು ಸಾ. ಸ್ಟ್ಯಾಂಡ್ ತಗ್ಸುಬುಟ್ರಲ್ಲ. ಇನ್ನೇನ್ ಮಾಡಾದು?"

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಯಾರ್ ಕೇಳುದ್ರು ಸಾ?"

ಸ್ಟ್ಯಾಂಡು ತೆಗೆಸಿದ್ದು ನಾನು, ವರದಿ ಸುಳ್ಳು ಎಂದು ಹೇಳಿದೆ. ಮ್ಯಾನೇಜರು ನನ್ನ ಕಾಲು ತುಳಿದರು. "ಸರ್ಟಿಫಿಕೇಟು ಬಂದ ಕಾರ್ಖಾನೆ ರೀ, ಮರದ ತುಂಡು ಇಟ್ಕೊಳ್ಳೋಕಾಗುತ್ತಾ?" ಎಂದು ಪಿಸುಗುಟ್ಟಿದರು.

"ಜಪಾನಿನಲ್ಲಿ ಬಿದಿರಿಂದು ಇಟ್ಟಿದ್ದಾರೆ ಸಾರ್. ಫೋಟೋ ಇದೆ."

"ಜಪಾನಿನಲ್ಲಾ?" ಫೋಟೋವನ್ನು ಹತ್ತಿರ ಹಿಡಿದು ನೋಡಿದರು. "ಹಾಗಾದ್ರೆ ಸರಿ, ಇಡಿ. ಆದ್ರೆ ಕಬ್ಬಿಣದ್ದು ಮಾಡ್ಸಿ, ಹಳದಿ ಬಣ್ಣ ಹೊಡೆಸಿ, ಡ್ರಾಯಿಂಗ್ ಇರಲಿ." ಅಂದೇ ಸಸ್ಪೆನ್ಷನ್ ರದ್ದಾಯಿತು. ನನಗೊಂದು ಎಚ್ಚರಿಕೆಯ ಪತ್ರ ಬಂತು. ಅದರಲ್ಲಿ ಕಾರಣ ಎಂದು ಬರೆದಿದ್ದದ್ದು: ಇಂಜಿನಿಯರನ ಅಜಾಗರೂಕತೆ.

ದೇವಲಾಪುರ

ಹಳೆಯ ಸ್ಟ್ಯಾಂಡನ್ನು ನಿಂಗೇಗೌಡರು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಊರಿಗೆ ಒಯ್ದಿದ್ದರು. ಅಳತೆ ತೆಗೆಯಲು ಭಾನುವಾರ ಅವರ ಜೊತೆ ನಾಗಮಂಗಲದ ಬಸ್ಸು ಹತ್ತಿ ಹೋದೆ. ಅವರ ಹೆಂಡತಿ ಪುಟ್ಟಮ್ಮ ಅದರ ಮೇಲೆ ನೀರಿನ ಕೊಡಗಳನ್ನು ಜೋಡಿಸಿದ್ದರು.

"ತಕ್ಕಂಡ್ ಓಗ್ಬುಡ್ತೀರಾ ಸಾ? ಕೊಡ ಎಲ್ಲಿ ಮಡಗ್ಲಿ?" ಎಂದರು.

"ಇಲ್ಲಮ್ಮ, ಅಳತೆ ಮಾತ್ರ."

"ಇಲ್ಲಿ ಇದು ನೆಟ್ಗೆ ನಿಲ್ಲಾಕಿಲ್ಲ ಕಣ್ಸಾ. ಕಾಲ್ ಅಡೀಗೆ ಓಡಿನ ಚೂರು ಕೊಟ್ಟಿವ್ನಿ. ಅಲ್ಲಿ ಚೆನ್ನಾಗ್ ನಿಲ್ತಿತ್ತಂತೆ."

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಳೆದು ನೋಡಿದರೆ ಮೂರು ಕಾಲು ಒಂದೇ ಸಮ, ನಾಲ್ಕನೆಯದು ಎರಡು ಬೆರಳು ಉದ್ದ. ಪಾಪ, ಕೈಕೆಲಸ, ಹೆಚ್ಚುಕಡಿಮೆ ಆಗುತ್ತದೆ ಎಂದು ನನ್ನೊಳಗೇ ಕ್ಷಮಿಸಿದೆ. ಡ್ರಾಯಿಂಗಿನಲ್ಲಿ ನಾಲ್ಕನ್ನೂ ಸಮ ಮಾಡಿದೆ. ನಿಂಗೇಗೌಡರು ಪಕ್ಕದಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತ ನೋಡುತ್ತಿದ್ದರು.

ಹತ್ತು ದಿನಕ್ಕೆ ಕಬ್ಬಿಣದ ಸ್ಟ್ಯಾಂಡು ಬಂತು. ಹಳದಿ ಬಣ್ಣ, ಹಿತ್ತಾಳೆ ಪಟ್ಟಿ: 'ನಿಂಗೇಗೌಡರು ಮಾಡಿದ್ದು.' ಮ್ಯಾನೇಜರು ತೆಂಗಿನಕಾಯಿ ಒಡೆದರು. ಪ್ರೆಸ್ಸಿನ ಪಕ್ಕದಲ್ಲಿಟ್ಟು ತಗಡು ಹೊರಿಸಿದೆವು. ಸ್ಟ್ಯಾಂಡು ಕುಡಿದವನ ಹಾಗೆ ಒಂದು ಕಡೆಗೆ ವಾಲಿತು, ತಗಡು ಜಾರಿ ದಡಾರನೆ ಬಿತ್ತು.

ವೆಲ್ಡರನ ಅಜಾಗರೂಕತೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನಿಂಗೇಗೌಡರು ಮೋಟುಬೆರಳಿನ ಕೈಯನ್ನು ಸೊಂಟಕ್ಕೆ ಕೊಟ್ಟು ನನ್ನನ್ನೇ ನೋಡುತ್ತ ನಿಂತಿದ್ದರು, ಕಾಯುತ್ತಿದ್ದ ಹಾಗೆ.

"ನಿಂಗೇಗೌಡ್ರೇ, ಆ ಒಂದು ಕಾಲು ಯಾಕೆ ಉದ್ದ ಇತ್ತು?"

ಅವರ ಮುಖ ಅರಳಿತು. "ಅಂಗೆ ಕೇಳಿ ಸಾ! ಇಲ್ಲಿ ನೆಲ ಕುಳಿ ಬಿದ್ದದೆ. ಯಾವತ್ತೋ ಅಚ್ಚು ಬಿದ್ದು ಆದದ್ದು. ಆ ಕಾಲು ಕುಳೀಲಿ ನಿಲ್ತಿತ್ತು. ನೀವೇ ಅಲ್ವಾ ಆಡಿಟ್ಗೆ ಅಂತ ಕುಳಿ ಮ್ಯಾಲೇ ಅಳದಿ ಬಣ್ಣ ಬಳ್ಸಿದ್ದು?"

ಬಗ್ಗಿ ನೋಡಿದೆ. ನಾನೇ ಎಳೆಸಿದ ಹಳದಿ ಗೆರೆ ಕುಳಿಯೊಳಗೆ ಇಳಿದು, ಚೆನ್ನಾಗಿ ಹೊಳೆಯುತ್ತ, ಆಚೆ ಹತ್ತಿ ಮುಂದೆ ಹೋಗಿತ್ತು.

ನಿಯಮದ ಪ್ರಕಾರ ಡ್ರಾಯಿಂಗ್ ತಿದ್ದಿದರೆ ಒಂದು ಫಾರಂ ತುಂಬಬೇಕು. ಒಂದು ಕಾಲಿನ ಉದ್ದವನ್ನು ಎರಡು ಬೆರಳು ಹೆಚ್ಚಿಸಿ, ಬದಲಾವಣೆಗೆ ಕಾರಣ ಎಂಬ ಜಾಗದಲ್ಲಿ, 'ಹೋದ ಸಲ ಕೇಳಿರಲಿಲ್ಲ' ಎಂದು ಬರೆದೆ. ಮ್ಯಾನೇಜರು ಓದದೆ ಸಹಿ ಹಾಕಿದರು.